ಹಿಟಾಚಿ ಟ್ರೇಲರ್ ಹತ್ತುವ ಮೊದಲು: ತೂಕ ಸರಿ, ಅಗಲ ಎಷ್ಟು?

ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆ ಮಣ್ಣು ಅಗೆಯುವ ಕೆಲಸಕ್ಕೆ ಹೆಚ್ಚಾಗಿ ಬರುವುದು 20 ಟನ್ ವರ್ಗದ ಹಿಟಾಚಿ. ಅಂಥದೊಂದು ಮೆಷಿನ್ನಿನ ಮುಂದೆ ನಿಂತು ಟೇಪು ಹಿಡಿದು ಅಳೆಯಿರಿ. 600 ಮಿಲಿಮೀಟರ್ ಅಗಲದ ಪಟ್ಟಿ ಹಾಕಿದ ಟ್ರ್ಯಾಕ್ ಇದ್ದರೆ ಈ ಅಂಚಿನಿಂದ ಆ ಅಂಚಿಗೆ 2.8 ಮೀಟರ್ ಬರುತ್ತದೆ. ಉದ್ದ ಟ್ರ್ಯಾಕಿನ ಎಲ್‌ಸಿ ಮಾದರಿಯಾದರೆ ಹೆಚ್ಚುಕಡಿಮೆ 3 ಮೀಟರ್. ಕೇಂದ್ರ ಮೋಟಾರು ವಾಹನ ನಿಯಮಗಳ (1989) 93ನೇ ನಿಯಮ ಸಾಮಾನ್ಯ ವಾಹನಕ್ಕೆ ಬಿಟ್ಟುಕೊಟ್ಟಿರುವ ಅಗಲ 2.6 ಮೀಟರ್. ಅಂದರೆ ಮೆಷಿನ್ ಟ್ರೇಲರ್ ಹತ್ತಿ ನಿಂತ ಗಳಿಗೆಯಲ್ಲೇ ಲೋಡು ಮಿತಿ ಮೀರಿರುತ್ತದೆ. ವೇಬ್ರಿಡ್ಜಿನಲ್ಲಿ ತೂಕ ಎಷ್ಟೇ ಸರಿಯಾಗಿ ಬರಲಿ, ಈ ಲೆಕ್ಕ ಬದಲಾಗುವುದಿಲ್ಲ.

ನಮ್ಮ ಕಡೆ ಮೆಷಿನ್ ಸಾಗಿಸುವವರು ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಮಿಕ್ಕಿದ್ದನ್ನು ಡ್ರೈವರ್‌ಗೆ ಬಿಡುತ್ತಾರೆ. ಭೀಮಸಮುದ್ರದ ಕಡೆಯ ಗಣಿಗಳು, ಭದ್ರಾ ಮೇಲ್ದಂಡೆ ಕಾಲುವೆ, ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗ, ಗುಡ್ಡಗಳ ಮೇಲಿನ ಗಾಳಿಯಂತ್ರಗಳು, ದಾವಣಗೆರೆ ಸೀಮೆಯ ಭತ್ತದ ಕೊಯ್ಲು ಎಲ್ಲಕ್ಕೂ ಯಂತ್ರಗಳು ಊರಿಂದ ಊರಿಗೆ ಓಡಾಡುತ್ತಲೇ ಇರುತ್ತವೆ. ಧಾರವಾಡದ ಟಾಟಾ ಹಿಟಾಚಿ ಕಾರ್ಖಾನೆಯಿಂದ ಬೆಂಗಳೂರಿನ ಕಡೆ ಹೊರಟ ಹೊಸ ಮೆಷಿನ್ನಿಗೂ ದಾರಿ ಇದೇ ರಾಷ್ಟ್ರೀಯ ಹೆದ್ದಾರಿ 48. ಇಷ್ಟು ಸಾಗಣೆ ನಡೆಯುವ ಜಿಲ್ಲೆಗಳಲ್ಲಿ ತೂಕದ ಜೊತೆಗೆ ಅಗಲ, ಎತ್ತರ, ಕಟ್ಟುವ ಕ್ರಮ, ಹೋಗುವ ದಾರಿ ಈ ನಾಲ್ಕನ್ನೂ ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳುವ ರೂಢಿ ಬರಬೇಕು. ಮೆಷಿನ್ ಉರುಳಿ ಬೀಳುವುದು, ತಂತಿ ತಗುಲುವುದು, ಹಿಂದಿನಿಂದ ಬಂದ ಬೈಕಿನವನು ಟ್ರ್ಯಾಕಿನ ಅಂಚಿಗೆ ಬಡಿಯುವುದು ಇವಕ್ಕೆಲ್ಲ ಮೂಲ ಈ ನಾಲ್ಕರಲ್ಲೇ ಇರುತ್ತದೆ.

ತೂಕದ ಮಾತು ಮೊದಲು ಮುಗಿಸೋಣ

‘20 ಟನ್ ಮೆಷಿನ್’ ಎನ್ನುವುದು ವರ್ಗದ ಹೆಸರು. ನಿಜವಾದ ತೂಕ ಬಕೆಟ್ಟು, ಬೂಮು (ಬಕೆಟ್ಟು ಹಿಡಿದ ಉದ್ದ ತೋಳು), ಟ್ರ್ಯಾಕ್ ಪಟ್ಟಿಯ ಅಗಲದ ಮೇಲೆ ಹೋಗುತ್ತದೆ. ಸಾಮಾನ್ಯವಾಗಿ 20ರಿಂದ 21 ಟನ್. ಜೊತೆಗೆ ಬಂಡೆ ಒಡೆಯುವ ಬ್ರೇಕರ್ ಇಟ್ಟರೆ ಒಂದೂವರೆ ಟನ್ನಿನ ಮೇಲೆ ಸೇರುತ್ತದೆ. ತುಂಬಿದ ಡೀಸೆಲ್ ಟ್ಯಾಂಕು, ಇನ್ನೊಂದು ಬಕೆಟ್ಟು, ಮಳೆಗಾಲದಲ್ಲಿ ಟ್ರ್ಯಾಕಿನ ಸಂದಿಗಳಲ್ಲಿ ಮೆತ್ತಿಕೊಂಡ ಎರೆಮಣ್ಣು ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನು ಟ್ರೇಲರಿನ ಸ್ವಂತ ತೂಕ, ಎಳೆಯುವ ಗಾಡಿಯ ತೂಕ ಬೇರೆ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿಗಳನ್ನು, ಅಂದರೆ ಚಕ್ರಗಳ ಒಂದೊಂದು ಅಚ್ಚಿನ ಮೇಲೆ ಬೀಳಬಹುದಾದ ಭಾರದ ಮಿತಿಗಳನ್ನು, ಹೆಚ್ಚಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 11.5 ಟನ್, ಜೋಡಿ ಆಕ್ಸಲ್‌ಗೆ 21 ಟನ್, ಮೂರು ಆಕ್ಸಲ್‌ಗಳ ಗುಂಪಿಗೆ 27 ಟನ್. ಭಾರಿ ಸರಕಿಗೆಂದೇ ಸಾಲು ಸಾಲು ಆಕ್ಸಲ್ ಜೋಡಿಸಿದ ಹೈಡ್ರಾಲಿಕ್ ಮಾಡ್ಯುಲರ್ ಟ್ರೇಲರ್‌ಗಳನ್ನು ಬಿಟ್ಟರೆ, ಗಾಡಿ ಮತ್ತು ಟ್ರೇಲರ್ ಸೇರಿ ಒಟ್ಟು ತೂಕ 55 ಟನ್ ದಾಟುವಂತಿಲ್ಲ. ಆದರೆ ನಿಮ್ಮ ಗಾಡಿಗೆ ಅನ್ವಯಿಸುವ ಅಂಕಿ ಅದರ ಆರ್‌ಸಿಯಲ್ಲಿ ಬರೆದಿರುವುದು. ಸಾಲದ್ದಕ್ಕೆ, ಒಟ್ಟು ತೂಕ ಮಿತಿಯೊಳಗೇ ಇದ್ದರೂ ಒಂದು ಆಕ್ಸಲ್ ಗುಂಪಿನ ಮೇಲೆ ಭಾರ ಮೀರಿರಬಹುದು. ಹಿಟಾಚಿಯ ಭಾರವೆಲ್ಲ ಇಂಜಿನ್ ಹಿಂದಿನ ಕೌಂಟರ್‌ವೇಟ್ (ಸಮತೋಲನಕ್ಕೆ ಇಟ್ಟ ಕಬ್ಬಿಣದ ಗಟ್ಟಿ) ಕಡೆಗೆ ವಾಲಿರುತ್ತದೆ. ಮೆಷಿನ್ ಅರ್ಧ ಮೀಟರ್ ಹಿಂದೆ ನಿಂತರೆ ಟ್ರೇಲರಿನ ಹಿಂದಿನ ಆಕ್ಸಲ್‌ಗಳು ಒದ್ದಾಡುತ್ತವೆ, ಮುಂದಿನ ಗಾಡಿ ಹಗುರಾಗಿ ಸ್ಟೀರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಒಮ್ಮೆ ವೇಬ್ರಿಡ್ಜಿಗೆ ಹೋಗಿ ಮುಂದಿನ ಚಕ್ರಗಳು, ನಡುವಿನವು, ಹಿಂದಿನವು ಎಂದು ಬೇರೆ ಬೇರೆ ನಿಲ್ಲಿಸಿ ತೂಗಿಸಿ, ಮೆಷಿನ್ ಎಲ್ಲಿ ನಿಂತಾಗ ತೂಕ ಸರಿಯಾಗಿ ಹಂಚಿಕೆಯಾಯಿತೋ ಅಲ್ಲಿ ಟ್ರೇಲರಿನ ಅಂಚಿಗೆ ಪೇಂಟಿನ ಗೆರೆ ಎಳೆದುಬಿಡಿ. ಮುಂದಿನ ಸಲ ಯಾವ ಆಪರೇಟರ್ ಹತ್ತಿಸಿದರೂ ಗೆರೆ ನೋಡಿ ನಿಲ್ಲಿಸುತ್ತಾನೆ.

ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಅಧಿಕ ತೂಕಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ, ಹೆಚ್ಚುವರಿ ಲೋಡು ಇಳಿಸುವ ಖರ್ಚೂ ನಿಮ್ಮದೇ. ಸ್ಥಳದಲ್ಲೇ ರಾಜಿ ಮಾಡಿಕೊಂಡು ಕಟ್ಟುವ ಮೊತ್ತವನ್ನು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ನಿಗದಿ ಮಾಡುತ್ತದೆ. ತೂಕ ಮಾಡಿಸಲು ಗಾಡಿ ನಿಲ್ಲಿಸದೆ ಹೋದರೆ 40,000. ಅಧಿಕಾರಿ ಹೇಳಿದರೆ ಮುಂದಿನ ದಾರಿಯಲ್ಲಿ 10 ಕಿಲೋಮೀಟರ್ ಒಳಗಿರುವ ವೇಬ್ರಿಡ್ಜಿಗೆ ಹೋಗಲೇಬೇಕು ಎನ್ನುತ್ತದೆ 114ನೇ ಕಲಂ. ಡ್ರೈವರ್ ತಪ್ಪು, ನನಗೇನು ಗೊತ್ತು ಎಂದು ಮಾಲೀಕ ಕೈ ತೊಳೆದುಕೊಳ್ಳಲೂ ಆಗುವುದಿಲ್ಲ: ಅಧಿಕ ತೂಕದ ಪ್ರಕರಣದಲ್ಲಿ ಅದು ಮಾಲೀಕನಿಗೆ ತಿಳಿದೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು ಎಂದು 113ನೇ ಕಲಮಿನಲ್ಲೇ ಬರೆದಿದೆ.

ಅಗಲ, ಎತ್ತರ ಮತ್ತು ಅನುಮತಿ

ಲೋಡು ಟ್ರೇಲರಿನ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದರೆ ಅಥವಾ ಎತ್ತರದ ಮಿತಿ ಮೀರಿದರೆ ಅದಕ್ಕೆ ಪ್ರತ್ಯೇಕ ದಂಡವಿದೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ 194(1ಎ) ಉಪಕಲಂ ಪ್ರಕಾರ ಅದೂ 20,000 ರೂಪಾಯಿ. ಅದೇ ಉಪಕಲಮಿನಲ್ಲಿ ಒಂದು ಬಾಗಿಲು ತೆರೆದಿಟ್ಟಿದ್ದಾರೆ: ಅಧಿಕಾರ ಇರುವವರು ಆ ಲೋಡಿಗೆ ಅನುಮತಿ ಕೊಟ್ಟಿದ್ದರೆ ಈ ದಂಡ ಇಲ್ಲ. ಹಿಟಾಚಿಯನ್ನು ಬಿಚ್ಚಿ ಎರಡು ಲೋಡು ಮಾಡಲು ಬರುವುದಿಲ್ಲವಾದ್ದರಿಂದ ಹೋಗಬೇಕಾದ ದಾರಿ ಇದೊಂದೇ.

ಇಂಥ ಲೋಡಿಗೆ ಓವರ್ ಡೈಮೆನ್ಷನಲ್ ಕಾರ್ಗೋ, ಸಂಕ್ಷಿಪ್ತವಾಗಿ ಓ.ಡಿ.ಸಿ. ಎನ್ನುತ್ತಾರೆ. ಮೊದಲು ವಿಚಾರಿಸಬೇಕಾದ ಜಾಗ ನಿಮ್ಮ ಆರ್‌ಟಿಒ ಕಚೇರಿ. ಚಿತ್ರದುರ್ಗದವರಿಗೆ ಕೆಎ-16, ದಾವಣಗೆರೆಯವರಿಗೆ ಕೆಎ-17. ರಾಷ್ಟ್ರೀಯ ಹೆದ್ದಾರಿಯ ಸೇತುವೆಗಳ ಮೇಲೆ ಮಿತಿ ಮೀರಿದ ಭಾರ ಹಾಯಿಸಬೇಕಾದರೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆಯ ಸೇತುವೆಗಳ ವಿಷಯ ಬಂದರೆ ಲೋಕೋಪಯೋಗಿ ಇಲಾಖೆ. ಅರ್ಜಿಗೆ ಬೇಕಾಗುವುದು ಗಾಡಿ, ಟ್ರೇಲರ್ ಎರಡರ ದಾಖಲೆ, ಮೆಷಿನ್ನಿನ ಅಳತೆ ಮತ್ತು ತೂಕ, ಆಕ್ಸಲ್‌ಗಳ ಮೇಲೆ ಭಾರ ಹೇಗೆ ಹಂಚಿದೆ ಎನ್ನುವ ಚಿತ್ರ, ಹೋಗುವ ದಾರಿ. ಅನುಮತಿ ಪತ್ರ ಕೈಗೆ ಬಂದ ಮೇಲೆ ಅದನ್ನು ಪೂರ್ತಿ ಓದಿ, ಡ್ರೈವರ್‌ಗೂ ಓದಿ ಹೇಳಿ. ಯಾವ ದಾರಿ, ಯಾವ ಹೊತ್ತು, ಎಷ್ಟು ವೇಗ, ಮುಂದೆ ಪೈಲಟ್ ಗಾಡಿ ಬೇಕೇ, ಅಂಚುಗಳಿಗೆ ಹಗಲು ಕೆಂಪು ಬಾವುಟ ರಾತ್ರಿ ಕೆಂಪು ದೀಪ ಬೇಕೇ ಎನ್ನುವ ಷರತ್ತುಗಳು ಅದರಲ್ಲೇ ಇರುತ್ತವೆ. ಷರತ್ತು ಮುರಿದರೆ ಅನುಮತಿ ಇದ್ದೂ ಇಲ್ಲದಂತೆಯೇ.

ಇದಕ್ಕೆ ಹೊಂದಿಕೊಂಡೇ ಇ-ವೇ ಬಿಲ್ಲಿನ ವಿಷಯ ಬರುತ್ತದೆ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿ ನಿಯಮದ ಪ್ರಕಾರ ಆನ್‌ಲೈನಿನಲ್ಲಿ ಮಾಡಿಸುವ ಸಾಗಣೆ ಪತ್ರ, ಬೇಕು. ಮಾರಾಟವಲ್ಲ, ನಮ್ಮದೇ ಮೆಷಿನ್ ನಮ್ಮದೇ ಸೈಟಿಗೆ ಎಂದರೂ ಡೆಲಿವರಿ ಚಲನ್ ಜೊತೆ ಮಾಡಿಸುವುದು ಒಳ್ಳೆಯದು. ಜಿಎಸ್‌ಟಿ ನಿಯಮದಲ್ಲಿ ಓ.ಡಿ.ಸಿ. ಎಂದರೆ ಏನು ಎಂದು ಹೇಳುವಾಗ ಅದೇ 93ನೇ ನಿಯಮದ ಅಳತೆಗಳನ್ನೇ ಆಧಾರ ಮಾಡಿಕೊಂಡಿದ್ದಾರೆ: ಬಿಡಿಸಲಾಗದ ಒಂದೇ ಘಟಕವಾಗಿರಬೇಕು, ಆ ಅಳತೆಗಳನ್ನು ಮೀರಿರಬೇಕು. ಸಾಮಾನ್ಯ ಸರಕಿನ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದ ಅವಧಿ, ಓ.ಡಿ.ಸಿ.ಗೆ 20 ಕಿಲೋಮೀಟರಿಗೇ ಒಂದು ದಿನ. ಹಿರಿಯೂರಿನಿಂದ ದಾವಣಗೆರೆಗೆ ಸುಮಾರು 100 ಕಿಲೋಮೀಟರ್. ಸಾಮಾನ್ಯ ಗಾಡಿ ಎಂದು ನಮೂದಿಸಿದರೆ ಒಂದು ದಿನ ಸಿಗುತ್ತದೆ, ಓ.ಡಿ.ಸಿ. ಎಂದು ನಮೂದಿಸಿದರೆ ಐದು ದಿನ. ರಾತ್ರಿ ಓಡಿಸಬಾರದು ಎಂಬ ಷರತ್ತಿದ್ದು ಗಾಡಿ ಚಿತ್ರದುರ್ಗದ ಬೈಪಾಸಿನಲ್ಲಿ ನಿಂತರೆ ಆ ಒಂದು ದಿನದ ಬಿಲ್ಲು ದಾರಿಯಲ್ಲೇ ಮುಗಿದುಹೋಗಬಹುದು. ಫಾರ್ಮ್ ತುಂಬುವಾಗ ವಾಹನದ ಬಗೆ ಸರಿಯಾಗಿ ಆರಿಸಿ.

ಎತ್ತರಕ್ಕೆ ಬರೋಣ. ಬೂಮು ಮಡಚಿದ 20 ಟನ್ ವರ್ಗದ ಹಿಟಾಚಿ ಸುಮಾರು 3 ಮೀಟರ್ ಎತ್ತರ ಇರುತ್ತದೆ. ತಗ್ಗು ಹಾಸಿನ ಲೋಬೆಡ್ ಟ್ರೇಲರ್ ನೆಲದಿಂದ 1 ಮೀಟರ್ ಆಸುಪಾಸು. ಎರಡೂ ಸೇರಿ 4 ಮೀಟರ್. ಸಾಮಾನ್ಯ ಸರಕು ಗಾಡಿಗೆ ಇರುವ ಮಿತಿಯೂ 4 ಮೀಟರ್. ಅದೇ ಮೆಷಿನ್ನನ್ನು ಒಂದೂವರೆ ಮೀಟರ್ ಎತ್ತರದ ಮಾಮೂಲಿ ಫ್ಲಾಟ್‌ಬೆಡ್ ಮೇಲೆ ಹತ್ತಿಸಿದರೆ ನಾಲ್ಕೂವರೆ ಮೀಟರ್ ಆಗಿಬಿಡುತ್ತದೆ. ವಿದ್ಯುತ್ ಮಾರ್ಗ ಇರುವ ರೈಲ್ವೆ ಗೇಟಿನ ಹೈಟ್ ಗೇಜು (ಎತ್ತರದ ಗಾಡಿ ತಡೆಯುವ ಅಡ್ಡಪಟ್ಟಿ) ಸಾಮಾನ್ಯವಾಗಿ 4.67 ಮೀಟರ್, ಅದರ ಮೇಲೆ 25,000 ವೋಲ್ಟಿನ ತಂತಿ. ರೈಲ್ವೆ ಕೆಳಸೇತುವೆಗಳಲ್ಲಿ ಇನ್ನೂ ತಗ್ಗಾಗಿರುವವು ಬೇಕಾದಷ್ಟಿವೆ. ಮುಂದೆ ಹಾಕಿರುವ ಬೋರ್ಡಿನ ಅಂಕಿ ನೋಡದೆ ನುಗ್ಗಬೇಡಿ. ಡಾಂಬರು ಮೇಲೆ ಡಾಂಬರು ಬಿದ್ದು ನೆಲವೇ ಎತ್ತರವಾಗಿರುವ ಕಡೆ ಬೋರ್ಡನ್ನೂ ಪೂರ್ತಿ ನಂಬಬೇಡಿ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಹೊಲದ ತಂತಿ. ರಸ್ತೆಗೆ ಅಡ್ಡಲಾಗಿ ಹೋಗುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ತಂತಿ ಕನಿಷ್ಠ 5.8 ಮೀಟರ್, 11 ಕೆವಿ ತಂತಿ 6.1 ಮೀಟರ್ ಎತ್ತರದಲ್ಲಿರಬೇಕು ಎನ್ನುವುದು ವಿದ್ಯುತ್ ಸುರಕ್ಷತಾ ನಿಯಮ. ರಸ್ತೆ ಬಿಟ್ಟು ಹೊಲದೊಳಗೆ ಹೋದರೆ 11 ಕೆವಿವರೆಗಿನ ಬರಿ ತಂತಿಗೆ ಅದೇ ನಿಯಮ 4.6 ಮೀಟರನ್ನೇ ಒಪ್ಪುತ್ತದೆ. ಬೇಸಿಗೆಯ ಬಿಸಿಗೆ ತಂತಿ ಜೋತಿರುತ್ತದೆ, ಕಂಬ ವಾಲಿರುತ್ತದೆ. ನಾಲ್ಕೂವರೆ ಮೀಟರ್ ಲೋಡು ಬದುವಿನ ಮೇಲೆ ಹತ್ತಿ ಕುಲುಕಿದರೆ ನಡುವೆ ಉಳಿಯುವುದು ಏನೂ ಇಲ್ಲ. ತಂತಿಗೆ ಮುಟ್ಟುವುದೂ ಬೇಡ, ಹತ್ತಿರ ಹೋದರೂ ಕರೆಂಟು ಹಾರುತ್ತದೆ. ಬಿದಿರು ಕೋಲಿನಿಂದ ತಂತಿ ಎತ್ತಿ ಹಿಡಿದು ಕೆಳಗೆ ಗಾಡಿ ದಾಟಿಸುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬೇಡಿ, ಮಾಡಿಸಬೇಡಿ. ಬೆಸ್ಕಾಂ ಸೆಕ್ಷನ್ ಆಫೀಸಿಗೆ ಮುಂಚೆಯೇ ಹೇಳಿ ಲೈನ್ ಆಫ್ ಮಾಡಿಸಿ. ಆಗದಿದ್ದರೆ ಮೆಷಿನ್ನನ್ನು ರಸ್ತೆಯಲ್ಲೇ ಇಳಿಸಿ ಬೂಮು ತಗ್ಗಿಸಿ ನಡೆಸಿಕೊಂಡು ಹೋಗಿ.

ಹತ್ತಿಸುವುದು, ಕಟ್ಟುವುದು

ಹಿಟಾಚಿ ಹತ್ತುವ ಇಳಿಜಾರು 15 ಡಿಗ್ರಿ ಮೀರಬಾರದು. ಟ್ರೇಲರ್ ಹಾಸು 1 ಮೀಟರ್ ಎತ್ತರ ಇದ್ದರೆ ರ್‍ಯಾಂಪು ಹೆಚ್ಚುಕಡಿಮೆ 4 ಮೀಟರ್ ಉದ್ದ ಬೇಕು. ಎರಡು ಮೀಟರಿನ ಗಿಡ್ಡ ರ್‍ಯಾಂಪು ಹಾಕಿದರೆ ಇಳಿಜಾರು 30 ಡಿಗ್ರಿಗೆ ಏರುತ್ತದೆ. ರ್‍ಯಾಂಪು ಗಿಡ್ಡವಾಗಿದ್ದರೆ ಅದರ ಬುಡಕ್ಕೆ ಗಟ್ಟಿಯಾಗಿ ತುಳಿಸಿದ ಮಣ್ಣಿನ ದಿಬ್ಬ ಮಾಡಿ, ಅಥವಾ ಕಾಲುವೆ ಏರಿಯಂಥ ಎತ್ತರಕ್ಕೆ ಟ್ರೇಲರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ. ಏರಿಯ ಅಂಚು ಭಾರ ತಾಳುತ್ತದೆಯೇ ಎಂದು ನೋಡಿಕೊಂಡೇ ಆ ಕೆಲಸ ಮಾಡಬೇಕು. ಬೂಮನ್ನು ಹತ್ತುವ ದಿಕ್ಕಿಗೆ ಇಟ್ಟು, ನಿಧಾನ ಗೇರಿನಲ್ಲಿ, ನೇರವಾಗಿ ಹತ್ತಿಸಬೇಕು. ರ್‍ಯಾಂಪಿನ ಮೇಲೆ ಹೋದ ಮೇಲೆ ಟ್ರ್ಯಾಕ್ ತಿರುಗಿಸಬಾರದು. ವಾಲಿದೆ ಅನಿಸಿದರೆ ಪೂರ್ತಿ ಕೆಳಗಿಳಿಸಿ ಮತ್ತೆ ಹತ್ತಿಸಿ. ರ್‍ಯಾಂಪು ಮುಗಿದು ಹಾಸು ಶುರುವಾಗುವ ಅಂಚಿನಲ್ಲಿ ಮೆಷಿನ್ ಒಂದು ಕ್ಷಣ ತೂಗಿ ಮುಂದಕ್ಕೆ ಬೀಳುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ನಿಂತು ‘ಬರ್ಲಿ ಬರ್ಲಿ’ ಎಂದು ಕೈ ಮಾಡುವ ಹುಡುಗ ಹತ್ತು ಹೆಜ್ಜೆ ದೂರದಲ್ಲಿರಬೇಕು, ಆಪರೇಟರಿಗೆ ಕಾಣುವಂತೆ ನಿಂತಿರಬೇಕು.

ಹತ್ತಿದ ಮೇಲಿನ ಕೆಲಸವೇ ಮುಖ್ಯ. 20 ಟನ್ ತೂಕವಿದೆ, ಅದು ಎಲ್ಲಿಗೆ ಹೋಗುತ್ತದೆ ಎನ್ನುವ ಮಾತು ಬಹಳ ಕಡೆ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿ. ಹೆದ್ದಾರಿಯಲ್ಲಿ ಯಾರೋ ಅಡ್ಡ ಬಂದು ಡ್ರೈವರ್ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಮೆಷಿನ್ನು ತನ್ನ ಅರ್ಧ ತೂಕದಷ್ಟು, ಅಂದರೆ 10 ಟನ್ ಬಲದಿಂದ ಕ್ಯಾಬಿನ್ ಕಡೆಗೆ ನುಗ್ಗುತ್ತದೆ. ಕಬ್ಬಿಣದ ಟ್ರ್ಯಾಕು, ಕಬ್ಬಿಣದ ಹಾಸು, ನಡುವೆ ಒದ್ದೆ ಮಣ್ಣೋ ಗ್ರೀಸೋ ಇದ್ದರೆ ಘರ್ಷಣೆ ಹಿಡಿದಿಡುವುದು ಹೆಚ್ಚೆಂದರೆ ಎರಡರಿಂದ ನಾಲ್ಕು ಟನ್ ಬಲ. ಮಿಕ್ಕ ಆರೆಂಟು ಟನ್ನನ್ನು ಸರಪಳಿ ಹಿಡಿಯಬೇಕು, ಇಲ್ಲವಾದರೆ ಡ್ರೈವರ್‌ನ ಬೆನ್ನ ಹಿಂದಿನ ತಗಡು ಹಿಡಿಯಬೇಕು. ತೂಕ ಹೆಚ್ಚಾದಷ್ಟೂ ನುಗ್ಗುವ ಬಲವೂ ಅಷ್ಟೇ ಹೆಚ್ಚುತ್ತದೆ. ಹಾಗಾಗಿ ಮೊದಲು ಟ್ರ್ಯಾಕಿನ ಮಣ್ಣು ಕೆರೆದು ಹಾಸು ಗುಡಿಸಿ, ಟ್ರ್ಯಾಕಿನ ಅಡಿಗೆ ಮರದ ಹಲಗೆಯನ್ನೋ ದಪ್ಪ ರಬ್ಬರನ್ನೋ ಹಾಸಿ. ಗಣಿಗಳಲ್ಲಿ ಸವೆದು ತೆಗೆದ ಕನ್ವೇಯರ್ ಬೆಲ್ಟಿನ ತುಂಡು ಇದಕ್ಕೆ ಹೇಳಿಮಾಡಿಸಿದಂತಿರುತ್ತದೆ. ಕಾಂಪ್ಯಾಕ್ಟರ್ ರೋಲರ್ ಸಾಗಿಸುವವರಿಗಂತೂ ಇದು ಕಡ್ಡಾಯ ಎಂದೇ ಹೇಳುತ್ತೇನೆ, ನುಣುಪಾದ ಡ್ರಮ್ಮು ಕಬ್ಬಿಣದ ಹಾಸಿನ ಮೇಲೆ ಬೆಣ್ಣೆಯ ಹಾಗೆ ಜಾರುತ್ತದೆ. ರೋಲರಿನ ನಡುವೆ ಬಗ್ಗುವ ಕೀಲಿಗೆ ಲಾಕ್ ಪಿನ್ ಇರುತ್ತದೆ, ಅದನ್ನೂ ಹಾಕಬೇಕು.

ಎಷ್ಟು ಸರಪಳಿ ಬೇಕು ಎನ್ನುವುದಕ್ಕೆ ಅಮೆರಿಕದ ಫೆಡರಲ್ ನಿಯಮ ಒಳ್ಳೆಯ ಅಳತೆಗೋಲು. ನಮಗೆ ಅದು ಕಾನೂನಲ್ಲ, ಆದರೆ ಲೆಕ್ಕ ಎಲ್ಲಿದ್ದರೂ ಒಂದೇ. 10,000 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್ ಅಥವಾ ಅದಕ್ಕಿಂತ ಹೆಚ್ಚು ತೂಗುವ ಯಂತ್ರವನ್ನು ಕನಿಷ್ಠ ನಾಲ್ಕು ಕಡೆ ಕಟ್ಟಬೇಕು. ಎಲ್ಲ ಸರಪಳಿಗಳ ಸುರಕ್ಷಿತ ಸಾಮರ್ಥ್ಯ ಕೂಡಿಸಿದರೆ ಯಂತ್ರದ ಅರ್ಧ ತೂಕಕ್ಕೆ ಕಡಿಮೆ ಇರಬಾರದು. ಹೀಗೆ ಕೂಡಿಸುವಾಗ ಟ್ರೇಲರಿನ ಕೊಂಡಿಯಿಂದ ನೇರ ಮೆಷಿನ್ನಿನ ಕೊಂಡಿಗೆ ಹೋದ ಸರಪಳಿಯ ಸಾಮರ್ಥ್ಯದಲ್ಲಿ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. 20 ಟನ್ ಮೆಷಿನ್ನಿಗೆ ಬೇಕಾದದ್ದು 10 ಟನ್. ಅರ್ಧ ಇಂಚಿನ, ಗ್ರೇಡ್ 70ರ (ಗ್ರೇಡ್ ಎಂದರೆ ಉಕ್ಕಿನ ಬಲದ ದರ್ಜೆ) ಒಂದು ಸರಪಳಿಯ ಸುರಕ್ಷಿತ ಸಾಮರ್ಥ್ಯ ಸುಮಾರು 5.1 ಟನ್, ಅರ್ಧ ಹಿಡಿದರೆ 2.5 ಟನ್ ಚಿಲ್ಲರೆ. ನಾಲ್ಕು ಕಟ್ಟಿದರೆ ಹತ್ತರ ಮೇಲೆ ಸ್ವಲ್ಪ. ಮುಕ್ಕಾಲು ಪಾಲು ಅಂಗಡಿಗಳಲ್ಲಿ ಕೆಜಿ ಲೆಕ್ಕದಲ್ಲಿ ಕೊಡುವ, ಗ್ರೇಡಿನ ಗುರುತೇ ಇಲ್ಲದ ಸರಪಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕೊಂಡಿಯ ಮೇಲೆ 7, 70, 8 ಅಥವಾ 80 ಎಂದು ಅಚ್ಚೊತ್ತಿದ್ದನ್ನು ನೋಡಿಯೇ ತನ್ನಿ. ಹಿಗ್ಗಿದ ಕೊಂಡಿ, ವೆಲ್ಡಿಂಗ್ ಮಾಡಿ ಸೇರಿಸಿದ ಕೊಂಡಿ ಇದ್ದರೆ ಆ ಸರಪಳಿಯನ್ನು ಗುಜರಿಗೆ ಹಾಕಿ.

ಕಟ್ಟುವ ಕ್ರಮ ಹೀಗೆ. ಮೆಷಿನ್ ಗೆರೆಗೆ ಬಂದು ನಿಂತ ಮೇಲೆ ಬೂಮು, ಬಕೆಟ್ಟು ಮಡಚಿ ಮರದ ತುಂಡಿನ ಮೇಲೆ ಇಳಿಸಿ, ತಿರುಗುವ ಮೇಲ್ಭಾಗಕ್ಕೆ ಲಾಕ್ ಹಾಕಿ, ಲಿವರ್ ಲಾಕ್ ಮಾಡಿ, ಇಂಜಿನ್ ಆಫ್ ಮಾಡಿ ಕೀಲಿ ತೆಗೆದುಕೊಳ್ಳಬೇಕು. ಟ್ರ್ಯಾಕಿನ ಹಿಂದೆ ಮುಂದೆ ಮರದ ದಪ್ಪ ದಿಮ್ಮಿ ಬಡಿಯಬೇಕು. ಮುಂದಿನ ಎರಡು ಸರಪಳಿ ಮುಂದಕ್ಕೆ, ಹಿಂದಿನ ಎರಡು ಹಿಂದಕ್ಕೆ ಎಳೆಯುವಂತೆ, ಟ್ರ್ಯಾಕ್ ಚೌಕಟ್ಟಿನ ಕೊಂಡಿಗಳಿಂದ ಟ್ರೇಲರಿನ ಕೊಂಡಿಗಳಿಗೆ. ಸರಪಳಿ ನೆಟ್ಟಗೆ ಕೆಳಕ್ಕೆ ಇಳಿದರೆ ಹಿಂದೆ ಮುಂದೆ ಜಾರುವುದನ್ನು ತಡೆಯುವ ಶಕ್ತಿ ಬಹುಪಾಲು ಹೋಗುತ್ತದೆ. ಹಾಸಿನ ಜೊತೆ 45 ಡಿಗ್ರಿಗಿಂತ ಕಡಿಮೆ ಕೋನದಲ್ಲಿ, ತಗ್ಗಾಗಿ ಚಾಚಿರಬೇಕು. ಬೂಮಿಗೆ, ಬಕೆಟ್ಟಿಗೆ ಬೇರೆಯೇ ಕಟ್ಟು. ಹೈಡ್ರಾಲಿಕ್ ಪೈಪುಗಳ ಮೇಲೆ, ಟ್ರ್ಯಾಕ್ ಪಟ್ಟಿಯ ಚೂಪು ಅಂಚಿನ ಮೇಲೆ ಸರಪಳಿ ಹಾಯಬಾರದು. ಬಿಗಿಯಲು ಹಿಡಿ ತಿರುಗಿಸಿ ಹಂತಹಂತವಾಗಿ ಬಿಗಿಯುವ ರ್‍ಯಾಚೆಟ್ ಬೈಂಡರ್ ಉಪಯೋಗಿಸಿ. ಹಾರೆಕೋಲು ತುರುಕಿ ತಿರುಚುವ ಪದ್ಧತಿಯಲ್ಲಿ ಕೋಲು ಸಿಡಿದರೆ ದವಡೆ ಮುರಿಯುತ್ತದೆ. ಬ್ರೇಕರ್, ಬಿಡಿ ಬಕೆಟ್ಟುಗಳನ್ನು ಮೂಲೆಗೆ ಎಸೆದು ಬಿಡದೆ ಅವನ್ನೂ ಕಟ್ಟಿ. ಮೆಷಿನ್ನಿನ ಕ್ಯಾಬಿನ್ನಿನಲ್ಲಿ ಆಪರೇಟರ್ ಮಲಗಿಕೊಂಡು ಬರುವುದು ಬೇಡವೇ ಬೇಡ.

ದಾರಿಯಲ್ಲಿ

ಭೀಮಸಮುದ್ರದ ಕಡೆಯಿಂದ ಹೊರಟ ಗಾಡಿ ಚಿತ್ರದುರ್ಗ ಸೇರುವ ಮುನ್ನವೇ ಒಮ್ಮೆ ನಿಂತು ಸರಪಳಿ ನೋಡಬೇಕು. ಮೊದಲ ಹತ್ತು ಹದಿನೈದು ಕಿಲೋಮೀಟರಿನ ಕುಲುಕಾಟಕ್ಕೆ ಮೆಷಿನ್ ಹಾಸಿನ ಮೇಲೆ ಕೂರುತ್ತದೆ, ಬಿಗಿಯಾಗಿದ್ದ ಸರಪಳಿ ಸಡಿಲವಾಗುತ್ತದೆ.

ವೇಗದ ಬಗ್ಗೆ ಒಂದೇ ಲೆಕ್ಕ ಸಾಕು. ಸರ್ವಿಸ್ ರಸ್ತೆಯಿಂದ ಒಳಗೆ ತಿರುಗುವ, 30 ಮೀಟರ್ ತ್ರಿಜ್ಯದ ತಿರುವು ಇದೆ ಅಂದುಕೊಳ್ಳಿ. ಗಂಟೆಗೆ 30 ಕಿಲೋಮೀಟರಿನಲ್ಲಿ ತಿರುಗಿದರೆ ಲೋಡನ್ನು ಹೊರಕ್ಕೆ ತಳ್ಳುವ ಬಲ ಅದರ ತೂಕದ ಕಾಲುಭಾಗಕ್ಕಿಂತ ಸ್ವಲ್ಪ ಕಡಿಮೆ. 40ರಲ್ಲಿ ತಿರುಗಿದರೆ ಶೇಕಡ 42. ಎತ್ತರದ ಲೋಡು ಹೊತ್ತ ಟ್ರೇಲರ್‌ಗಳು ಸಾಮಾನ್ಯವಾಗಿ ಶೇಕಡ 35–40ರ ಹತ್ತಿರ ಮಗುಚಲು ಶುರುಮಾಡುತ್ತವೆ. ಕ್ಯಾಬಿನ್ನಿನಲ್ಲಿ ಕೂತ ಡ್ರೈವರ್‌ಗೆ 30ಕ್ಕೂ 40ಕ್ಕೂ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ, ಹಿಂದಿನ ಟ್ರೇಲರಿಗೆ ಗೊತ್ತಾಗುತ್ತದೆ.

ದಾವಣಗೆರೆ ತಾಲ್ಲೂಕಿನ ಒಳರಸ್ತೆಗಳಲ್ಲಿ ಭದ್ರಾ ನಾಲೆಗಳ ಹಳೆಯ ಸೇತುವೆಗಳನ್ನು ಮೊದಲೇ ಹೋಗಿ ನೋಡಿಬರಬೇಕು. ಅವುಗಳಲ್ಲಿ ಬಹಳಷ್ಟು ಎತ್ತಿನಗಾಡಿ, ಟ್ರ್ಯಾಕ್ಟರ್ ಹೋಗಲೆಂದು ಕಟ್ಟಿದವು. 40 ಟನ್ನಿನ ಗಾಡಿಗೆ ಅಲ್ಲ. ಸುತ್ತು ದಾರಿ ಇದ್ದರೆ ಹತ್ತು ಕಿಲೋಮೀಟರ್ ಹೆಚ್ಚಾದರೂ ಅದೇ ಸರಿ. ಭತ್ತದ ಕೊಯ್ಲಿಗೆ ಬರುವ ಹಾರ್ವೆಸ್ಟರ್‌ಗಳದು ಬೇರೆ ಸಮಸ್ಯೆ: ತೂಕ ಕಡಿಮೆ, ಆದರೆ ಮುಂದಿನ ಕೊಯ್ಯುವ ಬ್ಲೇಡು 14 ಅಡಿ. ಅದನ್ನು ಕಳಚಿ ಉದ್ದುದ್ದಕ್ಕೆ ಬೇರೆ ಟ್ರಾಲಿಯಲ್ಲಿ ಇಟ್ಟುಕೊಂಡೇ ರಸ್ತೆಗೆ ಇಳಿಯಬೇಕು.

ರಾತ್ರಿ ನಿಲ್ಲಿಸುವುದಾದರೆ ಹೆದ್ದಾರಿಯ ಅಂಚು ಬೇಡ. ಟ್ರಕ್ ನಿಲ್ಲುವ ಜಾಗಕ್ಕೋ, ಬಂಕಿನ ಅಂಗಳಕ್ಕೋ ಒಳಗೆ ತೆಗೆದುಕೊಳ್ಳಿ. ಕೆಟ್ಟು ನಿಂತರೆ ಹೊಳೆಯುವ ತ್ರಿಕೋನವನ್ನು ದೂರದಲ್ಲಿ ಇಡಬೇಕು, ಕಲ್ಲು ಮತ್ತು ಸೊಪ್ಪು ಸಾಲದು. ಹಿಂಭಾಗದ ದೀಪ, ಪ್ರತಿಫಲಿಸುವ ಟೇಪು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಹೊರಡುವ ಮುನ್ನ ಒರೆಸಿ. ಎಳೆಯುವ ಗಾಡಿಯ ನಂಬರು ಟ್ರೇಲರಿನ ಹಿಂದೆಯೂ ಕಾಣಬೇಕು ಎನ್ನುವುದು ಕಾಯ್ದೆ.

ವಿಮೆಯ ವಿಷಯದಲ್ಲಿ ಬಹಳ ಜನ ಮೋಸ ಹೋಗಿದ್ದಾರೆ. ಗಾಡಿಯ ವಿಮೆ ಗಾಡಿಗೆ ಮತ್ತು ಎದುರಿನವರಿಗೆ, ಮೇಲಿರುವ ಮೆಷಿನ್ನಿಗಲ್ಲ. ಮೆಷಿನ್ನಿಗೆಂದು ಮಾಡಿಸಿದ ಕಾಂಟ್ರಾಕ್ಟರ್ಸ್ ಪ್ಲಾಂಟ್ ಪಾಲಿಸಿಯಲ್ಲೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಆದ ನಷ್ಟವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಸಾಗಣೆಗೆ ಬೇರೆ ಟ್ರಾನ್ಸಿಟ್ ವಿಮೆ ಬೇಕು. ಅದು ಯಾರ ಹೊಣೆ, ಮೆಷಿನ್ ಮಾಲೀಕನದೋ ಟ್ರೇಲರಿನವನದೋ ಎಂದು ಬಾಡಿಗೆ ಮಾತಾಡುವಾಗಲೇ ಬರೆದುಕೊಳ್ಳಿ.

ಇಳಿಸುವಾಗ ಸರಪಳಿ ಬಿಚ್ಚುವ ಮೊದಲು ನೆಲ ಸಮವಾಗಿದೆಯೇ, ಟ್ರೇಲರ್ ಚಕ್ರಗಳಿಗೆ ಕಲ್ಲು ಕೊಟ್ಟಿದ್ದಾರೆಯೇ, ಮೇಲೆ ತಂತಿ ಇದೆಯೇ ನೋಡಿ. ಮೆಷಿನ್ ಇಳಿದ ಮೇಲೆ ರ್‍ಯಾಂಪುಗಳನ್ನು ಎತ್ತಿ ಪಿನ್ ಹಾಕಿ, ಸರಪಳಿ ಬೈಂಡರ್‌ಗಳನ್ನು ಪೆಟ್ಟಿಗೆಗೆ ತುಂಬಿ, ಮರದ ದಿಮ್ಮಿಗಳನ್ನು ಹಾಸಿನ ಮೇಲೆ ಸಡಿಲ ಬಿಡದೆ ಕಟ್ಟಿಕೊಂಡೇ ಖಾಲಿ ಗಾಡಿ ಹೊರಡಬೇಕು. ಖಾಲಿ ಟ್ರೇಲರಿನಿಂದ ಹಾರಿದ ಒಂದು ದಿಮ್ಮಿ ಸಾಕು ಹಿಂದಿನ ಬೈಕಿನವನಿಗೆ.